ಪೊರ್ಬುಗಳ ಬಲಗಾಲು

ಮೊನ್ನೆ ಉಡುಪಿಯ ಹಳೆಪುಸ್ತಕದ ಅಂಗಡಿಯಲ್ಲಿ ಮಧ್ಯಯುಗದ ಯುರೋಪಿನ ಚಿತ್ರಗಳ ದಪ್ಪ ಪುಸ್ತಕವೊಂದು ಕೈಗೆ ಸಿಕ್ಕಿತು. ಪುಟ ತಿರುವಿದರೆ ಒಬ್ಬ ಬಿಷಪರು, ಜರಿಯಂಚಿನ ನಿಲುವಂಗಿಯನ್ನು ಮೇಲೆತ್ತಿ ಕಟ್ಟಿ, ಮೊಣಕಾಲೂರಿ, ಬಡವನೊಬ್ಬನ ಪಾದ ತೊಳೆಯುತ್ತಿದ್ದರು. ಬೋಗುಣಿಯ ನೀರನ್ನು ಚಿತ್ರಕಾರ ಕೆಸರಾಗಿಯೇ ಬರೆದಿದ್ದ. ಇದೇ ಚಿತ್ರವನ್ನು ನಾನು ಮಸ್ಕತ್ತಿನಲ್ಲಿ ನೋಡಿದ್ದೆ...

ಎಂಬತ್ತರ ದಶಕದ ಕೊನೆಯ ವರ್ಷಗಳು. ಮಸ್ಕತ್ತಿನ ದಾರ್ಸೈಟ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ದಂಪತಿ ಇದ್ದರು. ತುಳುವರ ರೂಢಿಯಂತೆ ನಾವು ಅವರನ್ನು ಪೊರ್ಬುಗಳು, ಅವರ ಹೆಂಡತಿಯನ್ನು ಬಾಯಮ್ಮ ಎನ್ನುತ್ತಿದ್ದೆವು. ಪೊರ್ಬುಗಳು ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಅಲ್ಲಿ ಫೋರ್ಕ್‌ಲಿಫ್ಟ್ ಹರಿದು ಬಲಗಾಲಿನ ಬೆರಳುಗಳು ಹೋಗಿದ್ದವು. ಆಮೇಲೆ ಅವರು ಯಾರೆದುರೂ ಶೂ ಬಿಚ್ಚಿದವರಲ್ಲ. ಚೌತಿಗೆ ಕರೆದರೂ ಹೊಸ್ತಿಲಾಚೆಯೇ ನಿಂತು ಪಾಯಸ ಕುಡಿದು, "ಡ್ಯೂಟಿ ಉಂಟು ಮಾರಾಯ್ರೆ" ಎಂದು ಹೊರಟುಬಿಡುತ್ತಿದ್ದರು.

ಒಂದು ವರ್ಷ, ಈಸ್ಟರಿಗೆ ಮುಂಚಿನ ಗುರುವಾರದ ಪಾದ ತೊಳೆಯುವ ವಿಧಿಗೆ ಹನ್ನೆರಡು ಗಂಡಸರು ಬೇಕಾದರು. ಪಾದ್ರಿಗಳು ಪೊರ್ಬುಗಳ ಮನೆಗೇ ಬಂದು ಅವರನ್ನು ಕೇಳಿದರು. ನಾನು ಬಾಯಮ್ಮನ ಜೊತೆ ಅಲ್ಲೇ ಇದ್ದೆ.

"ನನ್ನದು ಬೇಡ ಫಾದರ್. ನೋಡಿದವರಿಗೆ ಹೇಸಿಗೆ ಆಗ್ತದೆ," ಎಂದರು ಪೊರ್ಬುಗಳು.

ಪಾದ್ರಿಗಳು ಚೀಲದಿಂದ ಆ ಚಿತ್ರದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಈ ಬಡವನ ಕಾಲು ನೋಡಿ, ಸೊಟ್ಟ ಉಂಟಲ್ಲ? ಬರೆದವನು ಮುಚ್ಚಿಡಲಿಲ್ಲ. ಚೆಂದದ ಕಾಲು ಮಾತ್ರ ತೊಳೆಯುವುದಾದರೆ ನಾನು ಮೊಣಕಾಲೂರುವುದು ಎಂತಕ್ಕೆ?"

ಪೊರ್ಬುಗಳು ಕಾರ್ಡನ್ನು ಕೈಗೆತ್ತಿಕೊಂಡರು. ವಾಪಸು ಕೊಡಲಿಲ್ಲ.

"ನೀವೂ ಬನ್ನಿ. ನಿಮ್ಮನ್ನು ಕಂಡರೆ ಇವರು ನಾಚಿಕೆಗಾದರೂ ಓಡಿಹೋಗುವುದಿಲ್ಲ," ಎಂದು ಬಾಯಮ್ಮ ಆ ಗುರುವಾರ ನನ್ನನ್ನೂ ಇಗರ್ಜಿಗೆ ಎಳೆದುಕೊಂಡು ಹೋದರು.

ಪಾದ್ರಿಗಳು ಮೇಲಂಗಿ ಕಳಚಿ, ಸೊಂಟಕ್ಕೆ ಬಿಳಿಬಟ್ಟೆ ಕಟ್ಟಿ, ಒಬ್ಬೊಬ್ಬರ ಮುಂದೆ ಮೊಣಕಾಲೂರುತ್ತಾ ಬಂದರು. ಉಳಿದವರೆಲ್ಲ ಬರಿಗಾಲು. ಪೊರ್ಬುಗಳ ಶೂ ಕಾಲಲ್ಲೇ ಇತ್ತು. ಪಾದ್ರಿಗಳು ಲೇಸಿಗೆ ಕೈಹಾಕಲಿಲ್ಲ, ಸುಮ್ಮನೆ ಕಾದರು. ಬಾಯಮ್ಮನ ಉಗುರುಗಳು ನನ್ನ ಅಂಗೈಗೆ ಊರಿದವು... ಕೊನೆಗೆ ಪೊರ್ಬುಗಳೇ ಬಗ್ಗಿ ಗಂಟು ಬಿಚ್ಚಿದರು, ಕಾಲುಚೀಲ ಎಳೆದರು. ಪಾದ್ರಿಗಳು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತೊಳೆದರು, ಒರೆಸಿದರು, ಬಾಗಿ ಮುತ್ತಿಟ್ಟರು.

ಮುಂದಿನ ಬೆಂಚಿನಿಂದ ಪುಟ್ಟ ಹುಡುಗಿಯೊಬ್ಬಳು ಗಟ್ಟಿಯಾಗಿ ಕೇಳಿಯೇಬಿಟ್ಟಳು: "ಮಮ್ಮಾ, ವೇರ್ ಆರ್ ಹಿಸ್ ಟೋಸ್?"

ಪೊರ್ಬುಗಳು ಅವಳತ್ತ ತಿರುಗಿ, ಎರಡೂ ಕೈ ಅಗಲಿಸಿ, "ಖಲಾಸ್, ಪುಟ್ಟಾ!" ಎಂದು ನಕ್ಕುಬಿಟ್ಟರು. ಪಾದ್ರಿಗಳೂ ನಕ್ಕರು. ಬಾಯಮ್ಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮರುವಾರ ಪೊರ್ಬುಗಳು ಚಪ್ಪಲಿಯಲ್ಲಿ ಬಂದರು. ಅದನ್ನು ಹೊರಗೆ ಬಿಟ್ಟು, ಮೊದಲ ಬಾರಿ ನಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತು ನೀರುದೋಸೆ ತಿಂದರು. ಅಲ್ಲಿಂದ ಮುಂದೆ, ನಾವೆಲ್ಲ ಊರಿಗೆ ಮರಳುವ ತನಕ, ನಮ್ಮೆರಡು ಬಾಗಿಲು ಮುಚ್ಚಿದ್ದೇ ಕಡಿಮೆ.

ಪೊರ್ಬುಗಳು ತೀರಿಕೊಂಡು ಕೆಲವು ವರ್ಷಗಳಾದವು. ನಾನಾಗ ಆಸ್ಪತ್ರೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಮೊನ್ನೆ ಅಂಗಡಿಯಿಂದಲೇ ಬಾಯಮ್ಮನಿಗೆ ಫೋನ್ ಮಾಡಿದೆ. ಆ ಚಿತ್ರ ಸಿಕ್ಕಿದ್ದನ್ನು, ಪೊರ್ಬುಗಳು ನೆನಪಾದದ್ದನ್ನು ಹೇಳಿದೆ.

"ಅವರ ಸುದ್ದಿ ಮಾತಾಡದೆ ಎಷ್ಟು ಸಮಯ ಆಯ್ತು ಮಾರಾಯ್ತಿ! ಭಾನುವಾರ ಬನ್ನಿ, ತಿನ್ನಲಿಕ್ಕೆ ಸನ್ನ ಮಾಡ್ತೇನೆ," ಎಂದರು ಬಾಯಮ್ಮ.

ಮೂವರ ಹರಟೆಯನ್ನು ಇನ್ನು ನಾವಿಬ್ಬರೇ ಆಡಬೇಕು. ಆದರೂ ಭಾನುವಾರ ಬೇಗ ಬರಲಿ ಎಂದು ಕಾಯುತ್ತಿದ್ದೇನೆ.