ಮುತ್ತಮ್ಮ ಬಾರದೆ ಪ್ರಾರ್ಥನೆಯಿಲ್ಲ

ಸೂಲಿಬೆಲೆಯಿಂದ ಹೊಸಕೋಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕಟ್ಟಕಡೆಯದು ಗಾರೆ ಕೆಲಸದ ದಾನಿಯೇಲಪ್ಪನವರದು. ಅವರಿಗೂ ಮುತ್ತಮ್ಮನವರಿಗೂ ಮದುವೆಯಾದದ್ದು 1974ನೆಯ ಇಸವಿ ಮೇ 9, ಗುರುವಾರ. 1975 ಎಂದು ಅವರ ಮಗ ಆನಂದನೇ ಹೇಳುವುದುಂಟು, ಅದು ತಪ್ಪು. ಮದುವೆಯ ಆ ಸಂಜೆ ಆರಂಭವಾದ ಕುಟುಂಬ ಪ್ರಾರ್ಥನೆ ಜ್ವರವಿರಲಿ, ನೆಂಟರಿರಲಿ, ನಲವತ್ತೊಂಬತ್ತು ವರ್ಷ ಒಂದು ದಿನವೂ ನಿಂತಿರಲಿಲ್ಲ.

ಈ ಪ್ರಾರ್ಥನೆಗೆ ದಾನಿಯೇಲಪ್ಪನವರು ತಮ್ಮ ತಂದೆಯಿಂದ ಕಲಿತ ಎರಡು ಕಟ್ಟುಪಾಡುಗಳಿದ್ದವು. ದೇವರನ್ನು ಏನಾದರೂ ಕೇಳುವ ಮುಂಚೆ ಆತನು ಮಾಡಿದ ಉಪಕಾರಗಳನ್ನು ನೆನೆಯಬೇಕು, ಅದೂ ಬಾಯಿಬಿಟ್ಟು, ಇದು ಮೊದಲನೆಯದು. ಮನೆಯವರೆಲ್ಲ ಚಾಪೆಯ ಮೇಲೆ ಬಂದು ಕೂರುವ ತನಕ ಪ್ರಾರ್ಥನೆ ಶುರುವಾಗಕೂಡದು ಎಂಬುದು ಎರಡನೆಯದು. ಆ ಮನೆಯಲ್ಲಿ ಕಡೆಗೆ ಬರುವವರು ಯಾವಾಗಲೂ ಮುತ್ತಮ್ಮನವರೇ. 1983ರಲ್ಲಿ ಹಸು ಕಟ್ಟಿದಂದಿನಿಂದ ಸಂಜೆಯ ಹಾಲನ್ನು ಡೈರಿಗೆ ಹಾಕಿ ಬರುವುದು ಅವರ ಕೆಲಸ. ಖಾಲಿ ಕ್ಯಾನನ್ನು ಬಾಗಿಲ ಪಕ್ಕ ಇಟ್ಟು, ಕಾಲು ತೊಳೆದು, ಸೆರಗನ್ನು ತಲೆಯ ಮೇಲೆ ಹೊದ್ದು ಅವರು ಗಂಡನ ಎಡಕ್ಕೆ ಕೂತ ಮೇಲೆಯೇ ‘ಕರ್ತನೇ, ನಿನಗೆ ಸ್ತೋತ್ರ’ ಎಂಬ ಮಾತು ಹೊರಡುತ್ತಿತ್ತು.

ಆ ಸ್ತೋತ್ರದಲ್ಲಿ ತಪ್ಪದೆ ಬರುತ್ತಿದ್ದ ಉಪಕಾರಗಳು ಎರಡು. 1979ರ ಜುಲೈ 21ರ ಶನಿವಾರ, ಹೆರಿಗೆ ಕಷ್ಟವಾದ ಮುತ್ತಮ್ಮನವರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊಸಕೋಟೆಯ ಆಸ್ಪತ್ರೆಗೆ ಹೊರಟದ್ದು, ತಾಯಿಯೂ ಮಗುವೂ ಉಳಿದದ್ದು. 1991ರ ಫೆಬ್ರವರಿ 6ರ ಬುಧವಾರ, ಎರಡನೆಯ ಅಂತಸ್ತಿನಲ್ಲಿ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರ್ವೆಯ ಮರ ಮುರಿದು ದಾನಿಯೇಲಪ್ಪನವರು ಬಿದ್ದದ್ದು, ಅದೇ ಬೆಳಿಗ್ಗೆ ಅಲ್ಲಿ ಸುರಿದಿದ್ದ ಮರಳ ರಾಶಿಯ ಮೇಲೆ. ದಿನಾಂಕ ಸಹಿತ ಹೇಳುತ್ತಿದ್ದ ಅವರ ನೆನಪನ್ನು ನಾನು ಅನೇಕ ಸಲ ಪರೀಕ್ಷಿಸಿದ್ದೇನೆ. ಒಂದು ಸಲವೂ ತಪ್ಪು ಸಿಕ್ಕಲಿಲ್ಲ.

ಅಂಥ ನೆನಪು 2021ರಿಂದ ಕರಗತೊಡಗಿತು. ಮೊದಲು ಗಾರೆ ಬಳಿಯುವ ಕರಣೆ ಇಟ್ಟ ಜಾಗ ಮರೆತರು, ಆಮೇಲೆ ಊರಿನ ಬೀದಿಗಳನ್ನು, ಆಮೇಲೆ ಮಗನನ್ನು. ವಯಸ್ಸಿನ ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದು ವೈದ್ಯರು ಹೇಳಿದರು. 2022ರ ಆಗಸ್ಟ್ ತಿಂಗಳಿನಿಂದ ಮುತ್ತಮ್ಮನವರು ಡೈರಿಯ ಕೆಲಸವನ್ನು ಸೊಸೆ ಕರುಣಾಳಿಗೆ ವಹಿಸಿ ಹಗಲೆಲ್ಲ ಗಂಡನ ಬಳಿಯಲ್ಲೇ ಕೂತರು. ಉಣ್ಣಿಸಿದರು, ಸ್ನಾನ ಮಾಡಿಸಿದರು, ಕೇಳಿದ್ದನ್ನೇ ಕೇಳಿದಾಗ ಹೇಳಿದ್ದನ್ನೇ ಹೇಳಿದರು. ಇಷ್ಟರಲ್ಲಿಯೂ ಸಂಜೆ ಏಳಕ್ಕೆ ಚಾಪೆ ಹಾಸಿದರೆ ದಾನಿಯೇಲಪ್ಪನವರು ತಾವಾಗಿ ಬಂದು ಕೂತು ‘ಕರ್ತನೇ’ ಎನ್ನುತ್ತಿದ್ದರು. ಉಳಿದದ್ದು ಅದೊಂದೇ.

2023ರ ನವೆಂಬರ್ 14ರ ಮಂಗಳವಾರ ಅದೂ ನಿಂತಿತು. ಚಾಪೆಯ ಮೇಲೆ ಕೂತ ದಾನಿಯೇಲಪ್ಪನವರು ಬಾಗಿಲ ಕಡೆಗೇ ನೋಡುತ್ತಿದ್ದರು.

“ಶುರು ಮಾಡ್ರಿ” ಎಂದರು ಮುತ್ತಮ್ಮ.

“ನಮ್ಮನೆಯವ್ಳು ಬರ್ಲಿ ತಡಿಯಮ್ಮ. ಅವ್ಳು ಬರ್ದೆ ಶುರು ಮಾಡಂಗಿಲ್ಲ.”

“ನಾನೇ ಅಲ್ವೇನ್ರೀ ನಿಮ್ಮನೆಯವ್ಳು!”

ಅವರು ಮುತ್ತಮ್ಮನವರನ್ನು ಮರ್ಯಾದೆಯಿಂದ ನೋಡಿ ಕರುಣಾಳ ಕಡೆ ತಿರುಗಿದರು. “ಈಯಮ್ಮ ಬೆಳಿಗ್ಗೆಯಿಂದ ಇಲ್ಲೇ ಕೂತವ್ಳೆ. ಪಾಪ, ಒಳ್ಳೆಯವ್ಳು. ಯಾರ ಕಡೆಯೋಳೋ ಏನೋ, ಊಟ ಹಾಕಿ ಕಳ್ಸವ್ವ.”

ಅಷ್ಟು ಹೇಳಿ ಎದ್ದು, ಹೆಂಡತಿಯನ್ನು ಹುಡುಕಲು ಬೀದಿಗೆ ಹೊರಟೇಬಿಟ್ಟರು. ಎದುರುಮನೆಯ ಲಕ್ಕಮ್ಮ ಕೈಹಿಡಿದು ಕರೆತಂದು ಬಿಟ್ಟರು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

“ಅತ್ತೆ, ಮಾವಂಗೆ ಬೇಗ ಊಟ ಕೊಟ್ಟು ಮಲಗಿಸಿಬಿಡೋಣ” ಎಂದಳು ಕರುಣಾ. “ನಾವೇ ಪ್ರಾರ್ಥನೆ ಮಾಡ್ಕೊಳ್ಳೋಣ. ದೇವ್ರೇನು ಕೋಪ ಮಾಡ್ಕೋತಾನಾ?”

“ದೇವ್ರು ಮಾಡ್ಕೊಳ್ಳಲ್ಲ ಕಣವ್ವ. ಇವ್ರು ಹೊರಗುಳ್ಕೊಂಡ್ಬಿಡ್ತಾರೆ. ಎಲ್ಲಾ ಹೋಗೈತೆ, ಇದೊಂದು ಇತ್ತು. ಇದನ್ನೂ ನಾವೇ ಕಿತ್ಕೊಳ್ಳೋದಾ?”

ನಾಲ್ಕನೆಯ ಸಂಜೆ ದಾನಿಯೇಲಪ್ಪನವರು ಬಾಗಿಲು ನೋಡುತ್ತಾ ಗೊಣಗಿದರು: “ಡೈರಿಗೆ ಹೋದವ್ಳು ಇನ್ನೂ ಬರ್ಲಿಲ್ವಲ್ಲ.”

ಮುತ್ತಮ್ಮನವರಿಗೆ ಆಗ ಹೊಳೆಯಿತು. ದಿನವಿಡೀ ಪಕ್ಕದಲ್ಲಿ ಕೂತಿರುವ ಹೆಂಗಸು ಆ ಮನುಷ್ಯನ ಲೆಕ್ಕದಲ್ಲಿ ಹೆಂಡತಿಯಾಗಿರಲು ಸಾಧ್ಯವೇ ಇರಲಿಲ್ಲ. ಅವರ ಹೆಂಡತಿ ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಬರುವವಳು. ಗಂಡನನ್ನು ಬಿಟ್ಟಿರಬಾರದೆಂದು ಕೂತದ್ದರಿಂದಲೇ ಅವರು ಗಂಡನ ಕಣ್ಣಿಗೆ ಕಾಣದೆ ಹೋಗಿದ್ದರು. ಎದ್ದು, ಖಾಲಿ ಕ್ಯಾನನ್ನು ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದರು. ಮನೆಯನ್ನು ಬಳಸಿಕೊಂಡು ಮುಂಬಾಗಿಲಿಗೆ ಬಂದು, ಕ್ಯಾನನ್ನು ಸದ್ದಾಗುವಂತೆ ಇಟ್ಟು, ಕಾಲಿಗೆ ನೀರು ಹೊಯ್ದುಕೊಂಡು, ಸೆರಗು ಹೊದ್ದು ಒಳಬಂದರು.

“ಬಂದ್ಯಾ?” ಎಂದರು ದಾನಿಯೇಲಪ್ಪ. “ಎಷ್ಟೊತ್ತೇ ನಿಂದು! ಆ ಡೈರಿಯವ್ರಿಗೆ ಹೇಳೋರು ಕೇಳೋರು ಯಾರೂ ಇಲ್ವಾ? ಕೂತ್ಕೋ.”

ಮುತ್ತಮ್ಮ ಕೂತರು. “ಕರ್ತನೇ, ನಿನಗೆ ಸ್ತೋತ್ರ” ಎಂದು ಆರಂಭಿಸಿದ ದಾನಿಯೇಲಪ್ಪನವರು ಅಲ್ಲಿಗೇ ನಿಂತರು. ಮುಂದಿನದು ಬರಲಿಲ್ಲ. ತುಟಿಗಳು ಅಲ್ಲಾಡುತ್ತಿದ್ದವು, ಕಣ್ಣಿನಲ್ಲಿ ಹೆದರಿಕೆ ತುಂಬಿತ್ತು. ಆ ಚಾಪೆಯ ಮೇಲೆ ಅಂದಿನವರೆಗೂ ಸ್ತೋತ್ರ ಹೇಳಿದವರು ಮನೆಯ ಯಜಮಾನರೊಬ್ಬರೇ. ಎರಡನೆಯ ತರಗತಿಗೆ ಶಾಲೆ ಬಿಟ್ಟ ಮುತ್ತಮ್ಮ ಮೊದಲ ಸಲ ಬಾಯಿ ತೆರೆದರು.

“ಅವತ್ತು ಶನಿವಾರ, ಗಾಡೀಲಿ ಹೊಸಕೋಟೆಗೆ ಹೋಗ್ಬೇಕಾದ್ರೆ, ತಾಯಿ ಮಗು ಇಬ್ರನ್ನೂ ಉಳಿಸ್ಕೊಟ್ಯಲ್ಲಪ್ಪಾ ತಂದೆ, ನಿಂಗೆ ಸ್ತೋತ್ರ.”

ದಾನಿಯೇಲಪ್ಪನವರು ಕಣ್ಣುಬಿಟ್ಟರು. “ಅದು ನಿಂಗೆ ಹೆಂಗೆ ಗೊತ್ತು?”

“ಆ ಗಾಡೀಲಿ ಮಲಗಿ ಕಿರುಚ್ತಾ ಇದ್ದೋಳು ನಾನೇ ಅಲ್ವೇನ್ರೀ!”

ಕರುಣಾ ಪ್ರಾರ್ಥನೆಯ ನಡುವೆಯೇ ನಕ್ಕುಬಿಟ್ಟಳು. ದಾನಿಯೇಲಪ್ಪನವರು ಗಂಭೀರವಾಗಿ ತಲೆದೂಗಿ, “ಹಂಗಾದ್ರೆ ಸರಿ, ಮುಂದಕ್ಕೆ ಹೇಳು” ಎಂದು ಮತ್ತೆ ಕಣ್ಣು ಮುಚ್ಚಿದರು. ಮರಳ ರಾಶಿಯ ಉಪಕಾರವನ್ನೂ ಮುತ್ತಮ್ಮ ಹೇಳಿ ಮುಗಿಸಿದರು.

ಮರುದಿನದಿಂದ ಸಂಜೆಯ ಹಾಲನ್ನು ಅವರೇ ಡೈರಿಗೆ ಒಯ್ಯತೊಡಗಿದರು. ಅಷ್ಟು ಹೊತ್ತು ಕರುಣಾ ಮಾವನ ಬಳಿ ಇರುತ್ತಾಳೆ. ಲಕ್ಕಮ್ಮನಂತೂ ಬಿಡುವವರಲ್ಲ: “ಮುತ್ತಕ್ಕಾ, ಈ ವಯಸ್ನಲ್ಲಿ ದಿನಾ ಹೊಸ ಮದುವಣಗಿತ್ತಿ ಥರ ಮನೆ ತುಂಬ್ತೀಯಲ್ಲ, ಆರತಿ ತರ್ಲಾ?”

“ತಗೊಂಡ್ಬಾರೇ, ಜೊತೆಗೆ ಒಂದ್ ಸೀರೇನೂ ತಾ” ಎನ್ನುತ್ತಾ ಮುತ್ತಮ್ಮ ಒಳಹೋಗುತ್ತಾರೆ.

ದೇವರು ನಂಬಿಗಸ್ತನೆಂದು ವೇದಿಕೆಯ ಮೇಲೆ ನಿಂತು ಹೇಳುವುದನ್ನು ನಾನು ಬಹಳ ಮಂದಿಯ ಬಾಯಿಂದ ಕೇಳಿದ್ದೇನೆ. ಅದನ್ನು ದಿನಕ್ಕೊಮ್ಮೆ, ಮರೆತುಹೋದವರಿಗೆ, ಬೇಸರವಿಲ್ಲದೆ ಹೇಳುವವರನ್ನು ಇನ್ನೊಬ್ಬರನ್ನು ಕಾಣೆ. ಮುತ್ತಮ್ಮನವರಿಗೆ ಈಗ ಮಂಡಿನೋವು. ಒಮ್ಮೊಮ್ಮೆ ಮೊದಲ ಸಲ ಒಳಬಂದಾಗ ಗಂಡನಿಗೆ ಗುರುತು ಸಿಕ್ಕುವುದಿಲ್ಲ. 2025ರ ಮಾರ್ಚ್ 4ರ ಮಂಗಳವಾರ ನಾನು ಆ ಮನೆಯ ಜಗಲಿಯಲ್ಲಿದ್ದೆ. ಒಳಬಂದ ಮುತ್ತಮ್ಮನವರನ್ನು ನೋಡಿ ದಾನಿಯೇಲಪ್ಪನವರು ಪಕ್ಕಕ್ಕೆ ಸರಿದು, ಪರಸ್ಥಳದವರಿಗೆ ಮಾಡುವಂತೆ ಕೈಮುಗಿದರು. ಮುತ್ತಮ್ಮನವರೂ ಕೈಮುಗಿದು, ಹಿತ್ತಲ ಕಡೆ ನಡೆದು, ಗೋಡೆ ಹಿಡಿದುಕೊಂಡು ಮನೆಯನ್ನು ಬಳಸಿ ಮುಂಬಾಗಿಲಿಗೆ ಬಂದು, ಅಲ್ಲಿದ್ದ ಕ್ಯಾನನ್ನು ಎತ್ತಿ ಮತ್ತೊಮ್ಮೆ ಸದ್ದಾಗುವಂತೆ ಇಟ್ಟರು.

“ಬಂದ್ಯಾ?” ಎಂಬ ದನಿ ಒಳಗಿನಿಂದ ಕೇಳಿಸಿತು.

“ಬಂದೆ ಕಣ್ರೀ” ಎಂದು ಅವರು ಕಾಲು ತೊಳೆಯಲು ಬಗ್ಗಿದರು.