ಪೆಟ್ಟಿಗೆ ಟೀಚರು ಮತ್ತು ಸಾಲಿನ ಕೊನೆಯ ಹುಡುಗಿ

ಐದನೇ ತರಗತಿಯ ಇಂಗ್ಲಿಷ್ ಟೀಚರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಸಹಿ ಹಾಕುವುದಕ್ಕಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಉಳಿದಂತೆ ಮಕ್ಕಳಿಗೂ, ಮಕ್ಕಳ ತಾಯಂದಿರಿಗೂ, ಗೇಟಿನ ಕಾವಲುಗಾರನಿಗೂ ಅವರು ‘ಪೆಟ್ಟಿಗೆ ಟೀಚರು’. ಹತ್ತೊಂಬತ್ತು ವರ್ಷಗಳಿಂದ ಒಂದು ತಗಡಿನ ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲು ಹತ್ತುವವರಿಗೆ ಜನ ಇನ್ನೇನು ಹೆಸರಿಟ್ಟಾರು?

ಪೆಟ್ಟಿಗೆಯಲ್ಲಿ ಚಿನ್ನ ಬೆಳ್ಳಿ ಇತ್ತು ಅಂದುಕೊಳ್ಳಬೇಡಿ. ಏಳು ತುಂಡು ಹಗ್ಗ, ಒಂದು ಹಿಡಿ ಗುಂಡಿ, ಹನ್ನೊಂದು ಕಲ್ಲು, ಮೊಳೆ ಮರಳು ಕಾಳು ತುಂಬಿದ ಮೂರು ಡಬ್ಬಿ, ಮತ್ತೆ ಚಮಚಗಳು. ಚಮಚಗಳು ಮನೆಯವು. “ಈ ಮನೇಲಿ ಒಂದು ಚಮಚ ಬೇಕಾದ್ರೆ ಐದನೇ ಕ್ಲಾಸಿಗೆ ಅಡ್ಮಿಷನ್ ಮಾಡಿಸ್ಬೇಕು” ಎಂದು ಗಡಿಯಾರ ರಿಪೇರಿ ಮಾಡುವ ಅವರ ಗಂಡ ಬೆರಳಿನಿಂದಲೇ ಕಾಫಿಯ ಸಕ್ಕರೆ ಕಲಕುತ್ತಾ ಹೇಳುತ್ತಿದ್ದರು.

ಒಂದಕ್ಕಿಂತ ಇನ್ನೊಂದು ದೊಡ್ಡದು, ಎಲ್ಲದಕ್ಕಿಂತ ಮತ್ತೊಂದು ದೊಡ್ಡದು ಎಂದು ಇಂಗ್ಲಿಷಿನಲ್ಲಿ ಹೇಳಲು ಕಲಿಸುವ ಪಾಠಕ್ಕೇ ಆ ಪೆಟ್ಟಿಗೆ ಹುಟ್ಟಿದ್ದು. ಮೂವರು ಮಕ್ಕಳು ಮುಷ್ಟಿಯಲ್ಲಿ ಹಗ್ಗ ಹಿಡಿದು ತುದಿಯಷ್ಟೇ ತೋರಿಸಬೇಕು. ಯಾರದು ಲಾಂಗ್, ಯಾರದು ಲಾಂಗರ್, ಯಾರದು ಲಾಂಗೆಸ್ಟ್ ಎಂದು ಉಳಿದವರು ಪಂಥ ಕಟ್ಟಬೇಕು. ಆಮೇಲೆ ಎಳೆಯಬೇಕು. ಅಬ್ಬಬ್ಬಾ, ಆ ಗದ್ದಲ! ಕಣ್ಣು ಕಟ್ಟಿಕೊಂಡು ಎರಡೂ ಕೈಯಲ್ಲಿ ಕಲ್ಲು ತೂಗಿ “ದಿಸ್ ಈಸ್ ಹೆವಿಯರ್ ದ್ಯಾನ್ ದಟ್” ಎಂದು ತೀರ್ಪು ಕೊಡುವ ಆಟ ಇನ್ನೊಂದು. ಒಂದು ವರ್ಷ ಎರಡು ಕಲ್ಲುಗಳ ಜಗಳ ಮೂರು ದಿನ ನಡೆದು, ಕೊನೆಗೆ ವಿಜ್ಞಾನದ ಮೇಷ್ಟರ ತಕ್ಕಡಿ ಬಂದ ಮೇಲೇ ತಣ್ಣಗಾಯಿತು. ಗುಡ್, ಬೆಟರ್, ಬೆಸ್ಟ್ ಬಂದಾಗ ಟೀಚರು, “ಈ ಮೂವರೂ ಒಂದೇ ಮನೆಯವರು, ಮುಖ ಮಾತ್ರ ಒಬ್ಬರದು ಇನ್ನೊಬ್ಬರದನ್ನ ಹೋಲಲ್ಲ. ನಮ್ಮನಿಮ್ಮ ಮನೇಲೂ ಇರ್ತಾರಲ್ಲ ಅಂಥವರು?” ಅನ್ನುತ್ತಿದ್ದರು. ಹೌದು ಹೌದು ಎಂದು ಮಕ್ಕಳು ತಮ್ಮ ಚಿಕ್ಕಪ್ಪ, ಅತ್ತೆಯರ ಗುಟ್ಟನ್ನೆಲ್ಲಾ ಬಯಲಿಗೆ ಹಾಕುತ್ತಿದ್ದವು.

ಆಟಕ್ಕೆ ಒಂದೇ ಒಂದು ಕಟ್ಟಳೆ ಇತ್ತು: ಉಸಿರಾಡುವ ಯಾವುದನ್ನೂ ಹೋಲಿಸಕೂಡದು. ಒಮ್ಮೆ ಒಬ್ಬ ಹುಡುಗಿ ಸಾಫ್ಟೆಸ್ಟ್ ಎಂದು ತೋರಿಸಲು ಬ್ಯಾಗಿನಲ್ಲಿ ಬೆಕ್ಕಿನಮರಿ ತಂದಿದ್ದಳು. ಟೀಚರು ಅದಕ್ಕೆ ಹಾಲು ಕುಡಿಸಿ, ಆಟಕ್ಕೆ ಮಾತ್ರ ಸೇರಿಸಲಿಲ್ಲ.

ಈ ಕಟ್ಟಳೆಯ ಹಿಂದೆ ಒಬ್ಬ ದೊಡ್ಡಮ್ಮ ಇದ್ದರು. ಟೀಚರು ಮೂವರು ಅಕ್ಕತಂಗಿಯರಲ್ಲಿ ನಡುವಿನವರು. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ದೊಡ್ಡಮ್ಮ ಮನೆತುಂಬ ನೆಂಟರಿದ್ದ ಹೊತ್ತಿನಲ್ಲಿ ಮೂವರನ್ನೂ ಗೋಡೆಗೆ ನಿಲ್ಲಿಸಿ, “ಎತ್ತರ ಅಂದ್ರೆ ದೊಡ್ಡವಳು, ಚೆಂದ ಅಂದ್ರೆ ಚಿಕ್ಕವಳು” ಎಂದು, ನಡುವಿನವಳ ಮುಂದೆ ಬಂದು ಸ್ವಲ್ಪ ಯೋಚಿಸಿ, “ಇವಳು ಬಿಡಿ, ಊಟ ಚೆನ್ನಾಗಿ ಮಾಡ್ತಾಳೆ” ಅಂದಿದ್ದರು. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ದೊಡ್ಡಮ್ಮ ಕೆಟ್ಟವರೇನಲ್ಲ ಪಾಪ, ಬಾಯಿಗೆ ಬಂದದ್ದು ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹಿರಿಯರು ಆ ಗಾದೆಯಲ್ಲಿ ನಗುವನ್ನು ಯಾಕೆ ಬಿಟ್ಟರೋ ಕಾಣೆ.

ಇಷ್ಟೆಲ್ಲ ಗೊತ್ತಿದ್ದವರೇ ಈ ವರ್ಷ ಒಂದು ಗುರುವಾರ ಎಡವಿದರು. ಪೆಟ್ಟಿಗೆ ತಂದಿದ್ದರು, ಬೀಗದ ಕೈ ಮನೆಯಲ್ಲಿ ಇನ್ನೊಂದು ಚೀಲದಲ್ಲಿ ಉಳಿದಿತ್ತು. ಮೂವತ್ತೊಂದು ಮಕ್ಕಳು “ಆಟ, ಟೀಚರ್, ಆಟ!” ಎಂದು ಬೆಂಚು ಬಡಿಯುತ್ತಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ. “ಸರಿ, ಏಳಿ. ಎತ್ತರದ ಪ್ರಕಾರ ಸಾಲಾಗಿ ನಿಲ್ಲಿ” ಅಂದುಬಿಟ್ಟರು. ಟಾಲರ್, ಟಾಲರ್ ಎಂದು ಕೂಗುತ್ತಾ, ತಳ್ಳಾಡುತ್ತಾ ಸಾಲು ಬೆಳೆಯಿತು. ಕೊನೆಯಲ್ಲಿ ನಿಂತದ್ದು ಶಾಲೆಯ ಹಿಂದಿನ ಬೀದಿಯ ದರ್ಜಿಯ ಮಗಳು. ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಮೊದಲಿಗೆ ನಿಂತ ಲೀಡರ್ ಹುಡುಗ ಬಗ್ಗಿ ನೋಡಿ “ಶಾರ್ಟೆಸ್ಟ್!” ಎಂದು ಕೂಗಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಗುಬ್ಬಿಯೂ ನಕ್ಕಳು. ಟೀಚರಿಗೂ ನಗು ಬಂತು, ನಕ್ಕರು.

ಶುಕ್ರವಾರ ಗುಬ್ಬಿ ಬರಲಿಲ್ಲ. ಶನಿವಾರವೂ ಇಲ್ಲ, ಸೋಮವಾರವೂ ಇಲ್ಲ. ಜ್ವರವೇ ಎಂದು ಅವಳ ಪಕ್ಕ ಕೂರುವ ಹುಡುಗಿಯನ್ನು ಕೇಳಿದರೆ, “ಜ್ವರ ಏನಿಲ್ಲ ಟೀಚರ್. ಇನ್ಮೇಲೆ ಸ್ಕೂಲಿಗೇ ಬರಲ್ವಂತೆ. ಗುಂಡಿ ಹೊಲಿಯೋದು ಕಲೀತಾಳಂತೆ” ಅಂದಳು. ಮನೆಗೆ ಹೋದ ಕೂಡಲೇ ಟೀಚರು ಗಂಡನಿಗೆ ಎಲ್ಲ ಹೇಳಿದರು.

“ಒಂದು ನಗುವಿಗೆ ಇಷ್ಟೊಂದಾ? ನಾಲ್ಕು ದಿನ ಬಿಡು, ತಾನೇ ಮರೆತು ಬರ್ತಾಳೆ” ಎಂದರು ಗಂಡ.

“ನಾನೇ ಮರೆತಿಲ್ಲ ಕಣ್ರೀ. ಮೂವತ್ತೇಳು ವರ್ಷ ಆಯ್ತು” ಎಂದರು ಟೀಚರು.

ಅವತ್ತು ಸಂಜೆ ಟೀಚರು ಹೊಳೆಯುವ ಕಾಗದ ಕತ್ತರಿಸಿ, ಗುಬ್ಬಿಯದು ತರಗತಿಯಲ್ಲೇ ಎಲ್ಲರಿಗಿಂತ ಅಂದವಾದ ಕೈಬರಹ ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಕಾರ್ಡು ಮಾಡಿದರು. ಹೋಲಿಸಿ ಆದ ಗಾಯಕ್ಕೆ ಹೋಲಿಕೆಯದೇ ಮುಲಾಮು! ಹತ್ತೊಂಬತ್ತು ವರ್ಷ ಅದನ್ನೇ ಕಲಿಸಿದವರಿಗೆ ಬೇರೆ ಮದ್ದು ಹೊಳೆಯುವುದಾದರೂ ಹೇಗೆ ಹೇಳಿ.

ದರ್ಜಿಯ ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಪರದೆ. ಟೀಚರನ್ನು ಕಂಡು ದರ್ಜಿ ಸ್ಟೂಲಿನ ಮೇಲಿದ್ದ ಬಟ್ಟೆಯ ತುಂಡುಗಳನ್ನು ಕೈಯಲ್ಲೇ ಜಾಡಿಸಿ ಕೂರಿಸಿದ. ಗುಬ್ಬಿ ನೆಲದ ಮೇಲೆ ಕೂತು ಒಂದು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಹೇಳಿ ಹೇಳಿ ಸಾಕಾಯ್ತು ಮೇಡಂ. ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂದೆ, ರಮಿಸಿದೆ, ಗದರಿದೆ. ಜಪ್ಪಯ್ಯ ಅಂದ್ರೂ ಜಗ್ಗಲ್ಲ” ಎಂದ ದರ್ಜಿ.

“ಆ ಗಾದೇನ ಎಲ್ರೂ ನನಗೇ ಹೇಳ್ತಾರೆ. ಉದ್ದ ಇರೋರಿಗೆ ಯಾರೂ ಹೇಳಲ್ಲ” ಎಂದಳು ಗುಬ್ಬಿ ಸೂಜಿ ನೋಡುತ್ತಲೇ.

ಟೀಚರು ಕಾರ್ಡು ಕೊಟ್ಟರು. ಅವಳು ಎರಡು ಸಲ ಓದಿ ವಾಪಸ್ಸು ಚಾಚಿದಳು. “ಸುಳ್ಳು ಟೀಚರ್. ನನ್ನ ಪಕ್ಕ ಕೂರೋಳ ಅಕ್ಷರ ಇನ್ನೂ ಚೆನ್ನಾಗಿದೆ. ಅವಳು ಇದನ್ನ ನೋಡಿದ್ರೆ ಬೇಜಾರು ಮಾಡ್ಕೋತಾಳೆ.”

ಟೀಚರು ಕಾರ್ಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

“ಅವರು ನಕ್ಕಿದ್ದಕ್ಕೆ ನನಗೇನಿಲ್ಲ” ಎಂದಳು ಗುಬ್ಬಿ. “ಅವರು ಯಾರು ಬಿದ್ರೂ ನಗ್ತಾರೆ, ಎದ್ರೂ ನಗ್ತಾರೆ. ನೀವೂ ನಕ್ಕಿರಿ.” ಆಗ ಅವಳ ಕಣ್ಣಿನಿಂದ ದಳದಳ ನೀರಿಳಿಯಿತು.

“ಛೆ, ಟೀಚರಿಗೆ ಹಾಗನ್ಬಾರದು ಪುಟ್ಟಿ” ಎಂದು ದರ್ಜಿ ಗಾಬರಿಯಾದ.

“ಅನ್ನಲಿ ಬಿಡಿ, ನಿಜ ತಾನೇ?” ಎಂದರು ಟೀಚರು. ಸ್ಟೂಲಿನಿಂದ ಇಳಿದು, ದಾರದ ಚೂರುಗಳ ನಡುವೆ ಅವಳೆದುರು ಕೂತರು. “ನಕ್ಕೆ ಮಗಳೇ. ತಪ್ಪು ಮಾಡಿದೆ.”

ಗುಬ್ಬಿ ಮೂಗು ಒರೆಸಿಕೊಂಡು ಯೋಚಿಸಿದಳು. “ನಕ್ಕಿದ್ದು ಎಲ್ಲರ ಎದುರು. ತಪ್ಪು ಅಂತ ಹೇಳ್ತಿರೋದು ಇಲ್ಲಿ.”

ದರ್ಜಿ ಹಣೆ ಹಣೆ ಚಚ್ಚಿಕೊಂಡ. ಟೀಚರಿಗೆ ಮಾತ್ರ ನ್ಯಾಯ ಅನ್ನಿಸಿತು. ಕಷ್ಟ ಅಂತಲೂ ಅನ್ನಿಸಿತು, ಅದನ್ನೇಕೆ ಮುಚ್ಚಿಡಬೇಕು? ಮಕ್ಕಳ ಮುಂದೆ ತಗ್ಗಿದರೆ ನಾಳೆ ತಲೆಯ ಮೇಲೆ ಕೂರುತ್ತಾರೆ ಎಂದು ಹೆಡ್‌ಮಾಸ್ಟರು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದರು. “ನಾಳೆ ಬಾ. ಎಲ್ಲರ ಎದುರೇ ಹೇಳ್ತೀನಿ” ಎಂದು ಎದ್ದರು.

ಮಂಗಳವಾರ ಗುಬ್ಬಿ ಬಂದಳು. ಬಂದವಳು ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಳು, ಮಾತು ತಪ್ಪಿದರೆ ಎದ್ದು ಹೋಗುವವಳ ಹಾಗೆ. ಟೀಚರು ಹಾಜರಿ ಮುಗಿಸಿ ಎದ್ದು ನಿಂತರು. ಆ ಹೊತ್ತಿಗೆ ಸರಿಯಾಗಿ ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಲ್ಲಬೇಕೆ! ಆದರೂ ಟೀಚರು ಕುರ್ಚಿಯ ಬೆನ್ನು ಹಿಡಿದುಕೊಂಡು ಶುರುಮಾಡಿದರು.

“ಮಕ್ಕಳೇ, ಗುರುವಾರ ನಿಮ್ಮನ್ನ ಸಾಲಾಗಿ ನಿಲ್ಲಿಸಿದ್ದು ನನ್ನ ತಪ್ಪು. ನಿಮ್ಮ ಜೊತೆ ಸೇರಿ ನಾನೂ ನಕ್ಕಿದ್ದು ಇನ್ನೂ ದೊಡ್ಡ ತಪ್ಪು. ನೀವು ಚಿಕ್ಕವರು, ನಿಮಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.” ಆಮೇಲೆ ಗುಬ್ಬಿಯ ಕಡೆ ತಿರುಗಿದರು. “ಕ್ಷಮಿಸು ಮಗಳೇ.”

ಲೀಡರ್ ಹುಡುಗ ಕಿವಿಯವರೆಗೂ ಕೆಂಪಾಗಿ ಎದ್ದ. “ಮೊದಲು ಕೂಗಿದ್ದು ನಾನು. ಸಾರಿ.” ಅಂದು ದಡಕ್ಕನೆ ಕೂತ. ಹೆಡ್‌ಮಾಸ್ಟರು ಏನೋ ಹೇಳಲು ಬಾಯಿ ತೆರೆದವರು, ಮುಚ್ಚಿಕೊಂಡು ನಿಂತರು.

ಗುಬ್ಬಿ ಬ್ಯಾಗನ್ನು ಕೆಳಗಿಟ್ಟಳು. ಎದ್ದು ನಿಂತು, ತಪ್ಪೊಪ್ಪಿಕೊಂಡ ಮಕ್ಕಳಿಗೆ ಟೀಚರು ದಿನಾ ಹೇಳುವ ದನಿಯಲ್ಲೇ, ಗಂಭೀರವಾಗಿ ಹೇಳಿದಳು:

“ಆಯ್ತು ಟೀಚರ್. ಕೂತ್ಕೊಳ್ಳಿ.”

ಟೀಚರು ಕೂತರು. ಹತ್ತೊಂಬತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವರು ಅಷ್ಟು ನೆಮ್ಮದಿಯಾಗಿ ಕೂತಿದ್ದೇ ಇಲ್ಲ.