ಹೊತ್ತು ಮುಳುಗಿದ ಮೇಲಿನ ನೀರು

ಮಿರಜದ ಪೇಟೆಯಲ್ಲಿ ಸಖುಬಾಯಿಯ ಬಳೆಯಂಗಡಿ ಎಂದರೆ ಒಂದು ಕಟ್ಟೆ, ಮೇಲೊಂದು ತಗಡು, ಅಷ್ಟೇ. ಜೈನರ ಮನೆತನ, ಬಳೆ ಮಾರುವುದು ಹಿರಿಯರಿಂದ ಬಂದ ಕಸುಬು. ಗಂಡ ತೀರಿಕೊಂಡ ಮೇಲೂ ಅವಳು ಅಂಗಡಿ ಮುಚ್ಚಲಿಲ್ಲ. ವಿಧವೆಯ ಕೈಯಿಂದ ಬಳೆ ಇಡಿಸಿಕೊಳ್ಳಲು ಊರ ಹೆಂಗಸರು ಅಂಜಿದರು. ಆಗ ಕಟ್ಟೆಯ ಮೇಲೆ ಕುಳಿತು ಮೊದಲು ಕೈ ಚಾಚಿದವಳು ಎದುರಿನ ಕಿರಾಣಿ ಅಂಗಡಿಯ ಬಾಳವ್ವ, ಲಿಂಗಾಯತರವಳು.

"ನಿನ್ನ ಕೈಗೆ ಬಳಿ ಏರಸೂದಕ್ಕಿಂತ ಎಮ್ಮಿಗೆ ಕುಪ್ಪಸ ತೊಡಸೂದು ಹಗೂರ" ಎಂದಳು ಸಖುಬಾಯಿ, ಬಾಳವ್ವನ ಹಸ್ತವನ್ನು ಹಿಂಡುತ್ತ.

"ನಿನ್ನ ಬಳೀನ ಸಣ್ಣವದಾವ. ನನ್ನ ಕೈಗೇನು ಧಾಡಿ?"

ಅಂದಿನಿಂದ ಇಬ್ಬರೂ ಜೀವದ ಗೆಳತಿಯರು. ಒಬ್ಬಳ ಮನೆಯ ಮಾತು ಇನ್ನೊಬ್ಬಳಿಗೆ ತಿಳಿಯದೆ ಇರುತ್ತಿರಲಿಲ್ಲ. ಸಖುಬಾಯಿಯ ವ್ರತವೂ ಬಾಳವ್ವನಿಗೆ ಗೊತ್ತಿತ್ತು. ಗಂಡ ಹೋದ ವರ್ಷ ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು, ಇನ್ನು ಬದುಕಿರುವತನಕ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ ಎಂದು ಸಖುಬಾಯಿ ಮಾತು ಕೊಟ್ಟಿದ್ದಳು.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಭಾದ್ರಪದದಲ್ಲಿ ಜೈನರ ಹತ್ತು ದಿನದ ದಶಲಕ್ಷಣ ಪರ್ವಕ್ಕೆ ಅವಳು ಒಪ್ಪತ್ತು ಹಿಡಿದಿದ್ದಳು. ಹಗಲಿಗೊಮ್ಮೆ ಊಟ, ಆಗಲೇ ನೀರು. ಬಳೆಯ ಗಂಟು ಹೊತ್ತು ಮಳೆಯಲ್ಲಿ ಲಿಂಗನೂರಿಗೆ ಹೋಗಿಬಂದವಳು ಹಾಸಿಗೆ ಹಿಡಿದಳು. ಸುಡುವ ಜ್ವರ. ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುತ್ತಿತ್ತು. ಮಗ ಧನ್ಯಕುಮಾರ ಕರೆತಂದ ಡಾಕ್ಟರರು ನ್ಯುಮೋನಿಯಾ ಎಂದರು. ಕೆಲವು ವರ್ಷಗಳ ಹಿಂದಾಗಿದ್ದರೆ ಕೈಚೆಲ್ಲಬೇಕಿತ್ತು, ಈಗ ಸಲ್ಫಾ ಗುಳಿಗೆ ಬಂದಿವೆ ಎಂದು ಮರಾಠಿಯಲ್ಲಿ ಧೈರ್ಯವನ್ನೂ ಹೇಳಿದರು.

ಹೊರಗೆ ಟಾಂಗಾ ಹತ್ತುವ ಮುಂಚೆ ಧನ್ಯಕುಮಾರನನ್ನು ನಿಲ್ಲಿಸಿ ಎಲ್ಲ ತಿಳಿಸಿದರು. ನಾಲ್ಕು ತಾಸಿಗೊಮ್ಮೆ ಗುಳಿಗೆ, ರಾತ್ರಿಯೂ ಕೊಡಬೇಕು, ಒಂದೂ ತಪ್ಪಬಾರದು. ಹೊಟ್ಟೆ ತೊಳಸಬಹುದು, ತುಟಿ ನೀಲಿಯಾಗಬಹುದು, ಅದಕ್ಕೆ ಅಂಜಬೇಡ. ಆದರೆ ಹಗಲೂ ರಾತ್ರಿ ನೀರು ಕುಡಿಸುತ್ತಲೇ ಇರು. ನೀರು ಸಾಲದಿದ್ದರೆ ಈ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮೂತ್ರ ಕಡಿಮೆಯಾದರೆ, ಕೆಂಪಾದರೆ, ಗುಳಿಗೆ ನಿಲ್ಲಿಸಿ ಓಡಿ ಬಾ.

ಧನ್ಯಕುಮಾರ ಒಳಗೆ ಬಂದ. ಬಾಳವ್ವ ಸಖುಬಾಯಿಯ ತಲೆ ಒತ್ತುತ್ತ ಕುಳಿತಿದ್ದಳು.

"ಗುಳಿಗಿ ಒಂದೂ ತಪ್ಪಿಸಬಾರದಂತ ಅವ್ವಾ. ನೀರು ಭಾಳ ಕುಡೀಬೇಕಂತ" ಎಂದ. ಉಳಿದದ್ದನ್ನು ಹೇಳಲಿಲ್ಲ. ಮೂತ್ರದ ಮಾತನ್ನು ಹೆತ್ತವಳ ಮುಂದೆ, ಚಿಕ್ಕವ್ವನಂತೆ ಮಾವಶಿ ಎಂದು ಕರೆಯುವ ಬಾಳವ್ವನ ಮುಂದೆ ಆಡಲು ಅವನಿಗೆ ನಾಲಿಗೆ ಏಳಲಿಲ್ಲ.

"ಕೇಳಿದೀ? ಒಪ್ಪತ್ತು ಬಿಡು ಈಗ" ಎಂದಳು ಬಾಳವ್ವ. ಬಹಳ ಹೊತ್ತು ಗೋಗರೆದ ಮೇಲೆ ಸಖುಬಾಯಿ ಹೂಂ ಎಂದಳು.

"ರಾತ್ರಿ ನೀರು?"

"ಒಂದು ಬಿಟ್ಟೇನಿ. ಇನ್ನೊಂದು ಇರ್ಲಿ ಬಿಡು, ಎಲ್ಲಾ ಕಸಗೋಬ್ಯಾಡ."

"ಮತ್ತ ರಾತ್ರಿ ಗುಳಿಗಿ?"

"ತಪ್ಪಸಂಗಿಲ್ಲ. ಹೊತ್ತು ಮುಳುಗೂದ್ರಾಗ ಅವನ್ನೂ ಕೂಡೇ ನುಂಗ್ತೀನಿ."

ಮೂವರಿಗೂ ಅದು ಸರಿ ಎನಿಸಿತು. ಡಾಕ್ಟರರ ಮಾತೂ ಉಳಿಯಿತು, ಮುನಿಗಳಿಗೆ ಕೊಟ್ಟ ಮಾತೂ ಉಳಿಯಿತು. ಗುಳಿಗೆಯನ್ನು ಎಲ್ಲರೂ ಔಷಧ ಎಂದು ತಿಳಿದಿದ್ದರು. ನೀರನ್ನು ಯಾರೂ ಹಾಗೆ ತಿಳಿಯಲಿಲ್ಲ. ಜ್ವರದವರಿಗೆ ನೀರು ಕುಡಿಯಿರಿ ಎನ್ನುವುದು ಎಲ್ಲರೂ ಆಡುವ ಮಾತು, ಡಾಕ್ಟರರೂ ಆಡಿದರು ಎಂದುಕೊಂಡರು.

ಜ್ವರ ಇಳಿಯಿತು. ಸಖುಬಾಯಿ ಎದ್ದು ಗೋಡೆಗೆ ಆತು ಕುಳಿತಳು. "ಬಾಳವ್ವಾ, ನಿನಗ ಇನ್ನ ಕೆಲವು ದಿನ ನನ್ನ ಬೈಗಳ ತಪ್ಪಂಗಿಲ್ಲ ನೋಡು" ಎಂದು ನಕ್ಕಳು. ಧನ್ಯಕುಮಾರ ಬಸದಿಗೆ ತೆಂಗಿನಕಾಯಿ ಒಯ್ದ. ಹೊಟ್ಟೆ ತೊಳಸುತ್ತಿದ್ದುದರಿಂದ ಅವಳು ಹಗಲಲ್ಲೂ ಗುಟುಕು ಗುಟುಕಾಗಿ ಕುಡಿದು ಲೋಟ ಸರಿಸುತ್ತಿದ್ದಳು. ಸೊಂಟ ನೋಯುತ್ತಿದೆ ಎಂದಾಗ ಮಲಗಿ ಮಲಗಿ ಹಿಡಿದುಕೊಂಡಿದೆ ಎಂದು ಬಾಳವ್ವ ಎಣ್ಣೆ ತಿಕ್ಕಿದಳು.

ಮರುದಿನ ಅವಳನ್ನು ಹಿಡಿದು ಬಚ್ಚಲಿಗೆ ಕರೆದೊಯ್ದಾಗ ಬಾಳವ್ವ ಬಗ್ಗಿ ನೋಡಿದಳು. ಕಲ್ಲಿನ ಮೇಲೆ ನಾಲ್ಕು ಹನಿ ಬಿದ್ದಿದ್ದವು, ಕೆಂಪಗೆ.

"ಯಾವಾಗಿಂದ ಹಿಂಗ?"

"ನಿನ್ನಿಯಿಂದ. ಗುಳಿಗಿ ಬಣ್ಣ ಇರಬೇಕು."

"ಗುಳಿಗಿ ಬೆಳ್ಳಗದಾವಲ್ಲ ಸಖೂ."

ಬಾಳವ್ವ ನಾಚಿಕೆ ಬಿಟ್ಟು ಧನ್ಯಕುಮಾರನಿಗೆ ಹೇಳಿದಳು. "ಡಾಕ್ಟರ್ ಇದನ್ನ ಹೇಳಿದ್ರು ಮಾವಶಿ" ಎಂದವನೇ ಬರಿಗಾಲಲ್ಲಿ ಓಡಿದ.

ಡಾಕ್ಟರರು ಬಂದಾಗ ಮಧ್ಯಾಹ್ನ ಕಳೆದಿತ್ತು. ಗುಳಿಗೆ ಯಾವಾಗ, ಎಷ್ಟು, ನೀರು ಎಷ್ಟು ಎಂದು ಒಂದೊಂದಾಗಿ ಕೇಳಿದರು. ರಾತ್ರಿಯ ಪಾಲನ್ನೂ ಸಂಜೆಯೇ ಕೊಟ್ಟದ್ದು ತಿಳಿದಾಗ ಉಳಿದ ಗುಳಿಗೆಗಳನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಸೋಡಾ ಪುಡಿಯ ಪೊಟ್ಟಣ ಕೊಟ್ಟು, ನೀರಲ್ಲಿ ಕಲಸಿ ಈಗಿನಿಂದ ಬಿಡದೆ ಕುಡಿಸಿ, ನಾನು ದೊಡ್ಡ ದವಾಖಾನೆಯಲ್ಲಿ ಕೇಳಿಬರುತ್ತೇನೆ ಎಂದು ಧನ್ಯಕುಮಾರನನ್ನು ಕರೆದುಕೊಂಡು ಹೋದರು.

ನೀರು ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಬಾಳವ್ವ ಕುಡಿಸತೊಡಗಿದಳು. ಕುಡಿದದ್ದು ಒಂದೆರಡು ಸಲ ವಾಂತಿಯಾಯಿತು. ಮಳೆಮೋಡದ ಹಿಂದೆ ಹೊತ್ತು ಮುಳುಗಿ ಕೋಣೆ ಕತ್ತಲಾಯಿತು. ಪಕ್ಕದ ಮನೆಯಲ್ಲಿ ದೀಪ ಹಚ್ಚಿದ್ದರು.

ಬಾಳವ್ವ ಮತ್ತೆ ಲೋಟ ತಂದಾಗ ಸಖುಬಾಯಿ ತುಟಿ ಬಿಗಿದಳು. "ಹೊತ್ತು ಐತೇನ?"

"ಐತಿ" ಎಂದಳು ಬಾಳವ್ವ. "ಮಾಡ ಆಗೈತಿ, ಅದಕ್ಕ ಕತ್ತಲಿ."

ಸಖುಬಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಲೋಟಕ್ಕೆ ಬಾಯಿಟ್ಟು ಪೂರ್ತಿ ಕುಡಿದಳು.

ಆ ನೀರು ವಾಂತಿಯಾಗಲಿಲ್ಲ, ಮೂತ್ರವಾಗಿಯೂ ಹೊರಗೆ ಬರಲಿಲ್ಲ. ದೊಡ್ಡ ದವಾಖಾನೆಗೆ ಒಯ್ದರು, ಅಲ್ಲಿಯವರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಮೊದಲು ಮುಖ ಬಾತಿತು, ಆಮೇಲೆ ಕಾಲು. ಕೊನೆಗೆ ಅವಳಿಗೆ ಯಾರ ಗುರುತೂ ಸಿಗಲಿಲ್ಲ. ಪರ್ವ ಮುಗಿಯುವ ಅನಂತ ಚತುರ್ದಶಿಯ ಬೆಳಿಗ್ಗೆ ತೀರಿಕೊಂಡಳು.

ಅಂತ್ಯಕ್ರಿಯೆಗೆ ಬಂದ ಬಸದಿಯ ಪಂಡಿತರು ಧನ್ಯಕುಮಾರನ ಭುಜದ ಮೇಲೆ ಕೈಯಿಟ್ಟು, "ಅಳಬ್ಯಾಡಪ್ಪಾ. ಜೀವ ಹೋದ್ರೂ ವ್ರತ ಬಿಡಲಿಲ್ಲ ನಿಮ್ಮವ್ವ. ಪುಣ್ಯವಂತಿ" ಎಂದರು.

ಧನ್ಯಕುಮಾರ ಬಾಳವ್ವನ ಕಡೆ ನೋಡಿದ.

"ಹೌದ್ರಿ" ಎಂದಳು ಬಾಳವ್ವ.